ಅತ್ತೆಯ ಹರಿಗೋಲೂ ನಮ್ಮೂರ ರೈಸ್ ಮಿಲ್ಲೂ

ನಾನು ಪೋತ್ನಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಬೆಳಕು ನೇರವಾಗಿ ಚಲಿಸುತ್ತದೆ ಎಂದು ವರ್ಷಾವರ್ಷ ಮಕ್ಕಳಿಗೆ ಹೇಳಿ ಹೇಳಿ, ಬೆಳಕು ನಾನು ಹೇಳಿದ ಹಾಗೆ ಕೇಳುತ್ತದೆ ಎಂಬ ಭ್ರಮೆ ನನಗೆ ಬಂದುಬಿಟ್ಟಿತ್ತು. ಊರಿನಲ್ಲಿ ಯಾರ ರೇಡಿಯೊ ಗೊರಗೊರ ಅಂದರೂ, ಯಾರ ಮನೆಯ ಫ್ಯಾನು ಮುನಿಸಿಕೊಂಡರೂ ನನಗೇ ಕರೆ ಬರುತ್ತಿತ್ತು. ನಾನು ಹೋಗಿ ಬಿಚ್ಚುತ್ತಿದ್ದೆ. ಜೋಡಿಸಲು ಬೇರೆ ಯಾರಾದರೂ ಬರುತ್ತಿದ್ದರು. ಆದರೂ ಮರ್ಯಾದೆಗೆ ಏನೂ ಕೊರತೆ ಇರಲಿಲ್ಲ!

ನಮ್ಮ ಅತ್ತೆ ದುರುಗವ್ವನವರು ದೇವದುರ್ಗ ತಾಲ್ಲೂಕಿನ, ಕೃಷ್ಣಾ ಹೊಳೆಯ ದಂಡೆಯ ಒಂದು ಸಣ್ಣ ಊರಿನವರು. ಕುರಿ ಕಾಯುವ ಮನೆತನ. ಮಾವ ಬೇಗ ತೀರಿಕೊಂಡ ಮೇಲೆ ಕುರಿ, ಮನೆ, ಇಬ್ಬರು ಹೆಣ್ಣುಮಕ್ಕಳು ಎಲ್ಲವನ್ನೂ ಒಬ್ಬರೇ ಸಂಭಾಳಿಸಿದವರು. ಎಪ್ಪತ್ತರ ದಶಕದ ಮೊದಲಲ್ಲಿ ಒಮ್ಮೆ ಕುರಿಗಳು ಹೊಳೆಯ ನಡುಗಡ್ಡೆಯಲ್ಲಿ ಮೇಯುತ್ತಿದ್ದಾಗ ಮೇಲಿನಿಂದ ನೀರು ಏರಿ ಬಂತು. ಊರಿನ ಗಂಡಸರು ದಂಡೆಯ ಮೇಲೆ ನಿಂತು 'ಅಯ್ಯಯ್ಯೋ' ಅನ್ನುವ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದರಂತೆ. ಅತ್ತೆ ಮಾತ್ರ ಸೀರೆ ಕಚ್ಚೆ ಹಾಕಿ, ಹರಿಗೋಲು ನೀರಿಗಿಳಿಸಿ, ಹುಟ್ಟು ಹಿಡಿದು ಹೋಗಿ, ಕುರಿಗಳನ್ನು ಸರದಿಯ ಮೇಲೆ ತುಂಬಿಕೊಂಡು ಈಚೆ ದಂಡೆಗೆ ತಂದರು. ಆ ಕುರಿಗಳ ಮೇಲೆಯೇ ಇಬ್ಬರು ಹೆಣ್ಣುಮಕ್ಕಳ ಓದು ನಡೆಯಿತು. ದೊಡ್ಡವಳು ಮಲ್ಲಮ್ಮ ಪ್ರಾಥಮಿಕ ಶಾಲೆಯ ಟೀಚರ್ ಆದಳು, ಆಮೇಲೆ ನನ್ನ ಹೆಂಡತಿಯೂ ಆದಳು. ಹೀಗಾಗಿ ನನ್ನ ಸಂಸಾರವೇ ಆ ಹರಿಗೋಲಿನಲ್ಲಿ ದಾಟಿ ಬಂದದ್ದು ಅಂದರೆ ತಪ್ಪಲ್ಲ.

ಇಂಥ ಸಾಹಸಕ್ಕೂ ಒಬ್ಬ ವಿರೋಧಿ ಇರಬೇಕಲ್ಲ? ಇದ್ದ. ಅತ್ತೆಯ ಮೈದುನ ಅಮರಪ್ಪ. ಅಂದು ದಂಡೆಯ ಮೇಲಿದ್ದವರಲ್ಲಿ ಅವನೂ ಒಬ್ಬ. ಮೊದಮೊದಲು 'ನೀರು ಭಾಳ ಇತ್ತು ಖರೆ' ಅನ್ನುತ್ತಿದ್ದನಂತೆ. ಎರಡು ವರ್ಷಕ್ಕೆ ಎದೆಯುದ್ದ ಇತ್ತು ಅಂದ. ಆಮೇಲೆ ಸೊಂಟದುದ್ದ. ನನ್ನ ಮದುವೆಯ ಹೊತ್ತಿಗೆ ಆ ಪ್ರವಾಹ ಮೊಣಕಾಲಿಗೆ ಇಳಿದಿತ್ತು. ಕೃಷ್ಣೆಯ ನೀರನ್ನು ಯಾವ ಅಣೆಕಟ್ಟೂ ಅಷ್ಟು ತಗ್ಗಿಸಿರಲಿಕ್ಕಿಲ್ಲ! ಅಂದು ಕಂಡವರಲ್ಲಿ ಕೆಲವರು ತೀರಿಕೊಂಡರು, ಕೆಲವರು ದುಡಿಯಲು ಊರು ಬಿಟ್ಟರು. ಹೊಸ ತಲೆಮಾರು ಅಮರಪ್ಪನ ಮಾತನ್ನೇ ನಂಬತೊಡಗಿತು. ಅತ್ತೆ ವಾದ ಮಾಡುವವರಲ್ಲ. ಆದರೆ ಮೊಣಕಾಲಿನ ಮಾತು ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಸುಮ್ಮನೆ ಹೊಳೆಯ ಕಡೆ ನೋಡುತ್ತಿದ್ದರು. ಅದನ್ನು ಕಂಡಾಗ ನನಗೆ ಅಮರಪ್ಪನ ಮೇಲೆ ಸಿಟ್ಟು ಬರುತ್ತಿತ್ತು.

ಎಂಬತ್ತರ ದಶಕದ ನಡುವೆ ರಾಯಚೂರಿನಲ್ಲಿ ನನಗೆ ಒಬ್ಬ ನಿವೃತ್ತ ದನದ ಡಾಕ್ಟರು ಸಿಕ್ಕರು. ಹಿಂದೆ ದೇವದುರ್ಗದಲ್ಲಿದ್ದವರು. ಅವರಿಗೆ ಸಿನಿಮಾ ಕ್ಯಾಮೆರಾದ ಹುಚ್ಚು ಇತ್ತು. ಮಾತಿಗೆ ಮಾತು ಬಂದು, ನಮ್ಮ ಅತ್ತೆಯ ಊರಿನ ಹೆಸರು ಕೇಳಿದ್ದೇ ತಡ, ಎದ್ದು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು.

"ಕುರಿಗೆ ಸೂಜಿ ಹಾಕಾಕ ಹೋಗಿದ್ದೆ ಆವತ್ತು. ಒಬ್ಬಾಕಿ ಹೆಣ್ಮಗಳು ತುಂಬಿದ ಹೊಳ್ಯಾಗ ಹರಗೋಲ ಹಾಕಿದ್ಲು. ದಂಡಿ ಮ್ಯಾಲ ನಿಂತು ರೀಲ್ ತಗದೀನಿ. ತೊಳ್ಯಾಕ ಬೊಂಬಾಯಿಗೆ ಕಳಿಸಿದ್ದು ವಾಪಸ್ ಬರೂದ್ರಾಗ ನನಗ ವರ್ಗ ಆಗಿತ್ತು. ತೋರಸೂದು ಆಗಲೇ ಇಲ್ಲ."

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪುರಾವೆ! ನಾಲ್ಕೈದು ನಿಮಿಷದ ಮೂಕ ರೀಲು. ಅಮರಪ್ಪನ ಮೊಣಕಾಲಿಗೆ ಇದಕ್ಕಿಂತ ದೊಡ್ಡ ಮದ್ದು ಬೇರೆ ಬೇಕೆ?

ಡಾಕ್ಟರು ಪ್ರೊಜೆಕ್ಟರನ್ನೂ ಕೊಡಲು ಒಪ್ಪಿದರು. ಆದರೆ ಷರತ್ತುಗಳಿದ್ದವು. ಅದರ ಬಲ್ಬು ಕಡೆಯದು, ಹೋದರೆ ಹೈದರಾಬಾದಿನಲ್ಲೂ ಸಿಗುವುದಿಲ್ಲ. ರೀಲು ಹಳೆಯದು, ಪದೇ ಪದೇ ಓಡಿಸಿದರೆ ಗೀರು ಬೀಳುತ್ತದೆ. ಇನ್ನು ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ ಕೆಟ್ಟಿದೆ, ಬರೀ ಜೋರಾಗಿಯೇ ಓಡುತ್ತದೆ.

"ಊರೂರು ಹೊತಗೊಂಡು ತಿರುಗಬ್ಯಾಡ್ರಿ. ಯಾರ ಹತ್ರಾನರ ವಿಡಿಯೊ ಮಾಡಿಸಿಬಿಡ್ರಿ," ಅಂದರು.

"ಅದೇನ್ ಮಹಾ ಬಿಡ್ರಿ ಡಾಕ್ಟ್ರೇ," ಅಂದೆ. ಈ ಮಾತನ್ನು ನಾನು ಜೀವನದಲ್ಲಿ ಎಷ್ಟು ಸಲ ಹೇಳಿದ್ದೇನೋ ಅಷ್ಟು ಸಲ ಅದು ಮಹಾ ಆಗಿಯೇ ಆಗಿದೆ.

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಖಾಜಾ ಎಂಬ ಗೆಳೆಯನಿದ್ದ. ಮದುವೆಗಳ ವಿಡಿಯೊ ತೆಗೆಯುತ್ತಿದ್ದ, ಟಿ.ವಿ. ಮತ್ತು ಕ್ಯಾಸೆಟ್ ಹಾಕುವ ಡಬ್ಬಿಯನ್ನು ಬಾಡಿಗೆಗೆ ಕೊಡುತ್ತಿದ್ದ. ಒಂದು ಭಾನುವಾರ ಕ್ಯಾಮೆರಾ ಹೊತ್ತು ನಮ್ಮ ಮನೆಗೆ ಬಂದ. ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಗೋಡೆಗೆ ನನ್ನ ಬಿಳಿ ಧೋತರ ಬಿಗಿದೆವು. ಪ್ರೊಜೆಕ್ಟರು ಧೋತರದ ಮೇಲೆ ಚಿತ್ರ ಬೀರಬೇಕು, ಅದನ್ನು ಕ್ಯಾಮೆರಾ ಹಿಡಿಯಬೇಕು, ಹಿಡಿದದ್ದು ಪಕ್ಕದ ಟಿ.ವಿ.ಯಲ್ಲಿ ಕಾಣಬೇಕು. ಇಷ್ಟೇ ವಿಜ್ಞಾನ.

ಧೋತರದ ಮೇಲೆ ಚಿತ್ರ ಓಡಿತು. ಟಿ.ವಿ.ಯಲ್ಲೂ ಬಂತು. ಆದರೆ ಟಿ.ವಿ.ಯೊಳಗಿನ ಚಿತ್ರ ಪಳಪಳ, ಕಪ್ಪು ಬಿಳುಪು, ಪಳಪಳ ಎಂದು ಬಡಿದುಕೊಳ್ಳುತ್ತಿತ್ತು. ಮೇಲಾಗಿ ಎಲ್ಲವೂ ಎರಡರಷ್ಟು ಅವಸರದಲ್ಲಿ ನಡೆಯುತ್ತಿತ್ತು.

"ಮಾಸ್ತರ್ ಸಾಬ್, ಇದು ಥರಥರ ನಡಗಾಕತ್ತದಲ್ರೀ," ಅಂದ ಖಾಜಾ. "ಧೋತ್ರದ ಮ್ಯಾಲ ಬರೋಬರ್ ಅದ. ಟಿ.ವಿ.ನ್ಯಾಗ ಹಿಂಗ್ಯಾಕ?"

ನಾನು ಗಂಟಲು ಸರಿಪಡಿಸಿಕೊಂಡು ಉಪನ್ಯಾಸ ಆರಂಭಿಸಿದೆ. ರೀಲಿನ ಚಿತ್ರಗಳು ಸೆಕೆಂಡಿಗೆ ಒಂದು ಲೆಕ್ಕದಲ್ಲಿ ಓಡುತ್ತವೆ, ವಿಡಿಯೊದ ಚಿತ್ರಗಳು ಬೇರೆ ಲೆಕ್ಕದಲ್ಲಿ. ಜೊತೆಗೆ ಪ್ರೊಜೆಕ್ಟರಿನೊಳಗೆ ಒಂದು ತಗಡಿನ ರೆಕ್ಕೆ ತಿರುಗುತ್ತ ಬೆಳಕನ್ನು ಮುಚ್ಚಿ ಮುಚ್ಚಿ ಬಿಡುತ್ತದೆ. ಅದು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗಿಬಿಡುತ್ತದೆ. ಹೀಗಾಗಿ ನಡುಕ.

ಬಾಗಿಲಲ್ಲಿ ನಿಂತಿದ್ದ ಮಲ್ಲಮ್ಮ ಕೇಳಿದಳು: "ಅಂದ್ರ ಒಂದ ಒರಳಿನ್ಯಾಗ ಇಬ್ರು ಒನಕಿ ಹಾಕಿದಂಗ. ತಾಳ ಕೂಡಿದ್ರ ಛಲೋ, ಕೂಡಲಿಲ್ಲಂದ್ರ ಒನಕಿಗೆ ಒನಕಿ ಬಡೀತದ. ಹೌದಿಲ್ರೀ?"

"ಹಂಗೂ ಹೇಳಬಹುದು," ಅಂದೆ ಸ್ವಲ್ಪ ಬೇಸರದಿಂದ. ನನ್ನ ಉಪನ್ಯಾಸ ಇನ್ನೂ ಅರ್ಧ ಉಳಿದಿತ್ತು.

"ಮತ್ತ ತಾಳ ಕೂಡಸ್ರಿ."

"ಅಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಕಾಣ್ತದ? ನಿಮ್ಮೂರಾಗ ಅತ್ತಿ ಕಂಡ್ರ ಸಾಕು!"

ಖಾಜಾ ನನ್ನನ್ನೊಮ್ಮೆ, ಟಿ.ವಿ.ಯನ್ನೊಮ್ಮೆ ನೋಡಿ ಕ್ಯಾಸೆಟ್ಟಿಗೆ ಇಳಿಸಿಕೊಟ್ಟ.

ಅದೇ ತಿಂಗಳು ಮಲ್ಲಮ್ಮನ ತಂಗಿ ಶಾಂತಮ್ಮನ ಕುಬಸ, ಅಂದರೆ ಸೀಮಂತ, ತವರಿನಲ್ಲಿ ನಡೆಯಿತು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಊರ ತುಂಬ ಬೀಗರು. ಊಟವಾದ ಮೇಲೆ ಅಂಗಳದಲ್ಲಿ ಟಿ.ವಿ. ಇಟ್ಟೆ. ದನಗಳನ್ನು ಬಿಟ್ಟು ಉಳಿದವರೆಲ್ಲ ಬಂದು ಕೂತರು. ಮುಂದಿನ ಸಾಲಿನಲ್ಲಿ, ಕೆಂಪು ರುಮಾಲು ಸುತ್ತಿಕೊಂಡು ಅಮರಪ್ಪ. ನಾನು ಅವನ ಮೊಣಕಾಲನ್ನೇ ನೋಡುತ್ತ ಗುಂಡಿ ಒತ್ತಿದೆ.

ಹೊಳೆ ಕಂಡಿತು. ಹರಿಗೋಲು ಕಂಡಿತು. ಚಿತ್ರ ಪಳಪಳ ಅಂದಿತು. ಅಷ್ಟೇ!

"ಯಪ್ಪಾ, ಮಿಂಚು ನೋಡ್ರೋ!"

"ಸಿಡ್ಲ ಹೊಡ್ಯಾಕತ್ತದ!"

"ದುರುಗವ್ವ ಹುಟ್ಟು ಹ್ಯಾಂಗ ತಿರುವಾಕತ್ತಾಳ ನೋಡು, ಗಾಳಿಗಿಂತ ಜೋರು! ಮೈಯಾಗ ದೇವಿ ಬಂದಾಳ!"

ಒಬ್ಬ ಮುದುಕಿ ಟಿ.ವಿ.ಗೆ ಕೈ ಮುಗಿದಳು. ಇನ್ನೊಬ್ಬಳು ಕುಂಕುಮ ತರಲು ಒಳಗೆ ಓಡಿದಳು. ಆಶ್ಚರ್ಯವೆಂದರೆ ಎಲ್ಲರಿಗಿಂತ ಜೋರಾಗಿ ಕೂಗಿದವನು ಅಮರಪ್ಪ. "ನಾ ಮೊದ್ಲಿಂದ ಹೇಳಿದ್ದೆ! ಅಂಥಾ ಮಿಂಚಿನ್ಯಾಗ ನಮ್ಮ ಮನಿತನದವ್ರು ಬಿಟ್ರ ಮತ್ಯಾರೂ ಹೋಗಂಗಿಲ್ಲ ಅಂತ!"

ನಾನು ಗೆದ್ದೆ ಅಂದುಕೊಂಡೆ. ನಡುಕವೇ ಲಾಭವಾಯಿತಲ್ಲ! ಎದೆ ಉಬ್ಬಿಸಿ ಅತ್ತೆಯ ಕಡೆ ತಿರುಗಿದೆ.

ಅತ್ತೆ ಎದ್ದು ಬಂದು ಟಿ.ವಿ.ಯ ವೈರು ಕಿತ್ತರು.

"ಇದು ನಾನಲ್ಲ."

ಕುಂಕುಮ ತಂದವಳು ಬಾಗಿಲಲ್ಲೇ ನಿಂತಳು.

"ಅವತ್ತು ಮಿಂಚಿಲ್ಲ, ಸಿಡ್ಲಿಲ್ಲ. ಬೆಳ್ಳನ ಬಿಸಲಿತ್ತು. ಮಳಿ ಎಲ್ಲೋ ಮ್ಯಾಲ ಆಗಿತ್ತು, ನೀರು ಇಲ್ಲಿಗೆ ಬಂದಿತ್ತು. ಮತ್ತ ನಾ ಹಿಂಗ ಹುಚ್ಚಿ ಹಂಗ ಹುಟ್ಟು ತಿರುವಿಲ್ಲ. ಹಿಂಗ ತಿರುವಿದ್ರ ಹರಗೋಲ ನಿಂತಲ್ಲೇ ಗಿರಗಿರ ತಿರಗ್ತದ, ಕುರಿ ಎಲ್ಲಾ ಹೊಳಿ ಪಾಲು. ಸಾವಕಾಶ ಹಾಕೀನಿ, ನೀರು ನೋಡಿ ಹಾಕೀನಿ. ಅದಕ್ಕ ದಾಟೀನಿ." ಆಮೇಲೆ ಮೈದುನನ ಕಡೆ ತಿರುಗಿದರು. "ಲೇ ಅಮರಪ್ಪಾ, ಇಷ್ಟು ವರ್ಸ ಮೊಣಕಾಲ ನೀರು ಅಂತ ಒಂದು ಸುಳ್ಳು ಹೇಳಿದಿ. ಇವತ್ತು ಮಿಂಚು ಅಂತ ಇನ್ನೊಂದು ಸುಳ್ಳು. ನನ್ನ ಖರೇದು ಯಾವಾಗ ಹೇಳಾಂವ?"

ಕಡೆಗೆ ನನ್ನ ಸರದಿ ಬಂತು. ನನ್ನನ್ನು ಅವರು ಎಂದೂ ಏಕವಚನದಲ್ಲಿ ಕರೆದವರಲ್ಲ. ಅಂದೂ ಕರೆಯಲಿಲ್ಲ. ಮರ್ಯಾದೆ ಕೊಟ್ಟೇ ಹೇಳಿದರು: "ಅಳಿಯಂದ್ರೇ, ತೊಟ್ಟಲ ಹಾಕೂ ದಿನಕ್ಕ ಖರೇ ಹೊಳಿ ತೋರಸ್ರಿ. ಆಗಲಿಲ್ಲಂದ್ರ ಆ ರೀಲಿನ ಡಬ್ಬಿ ನನಗ ಕೊಡ್ರಿ. ಹೊಳ್ಯಾಗ ಹುಟ್ಟಿದ್ದು ಹೊಳಿಗೆ ಹೋಗ್ಲಿ. ಸುಳ್ಳು ದೇವಿ ಆಗೂದು ನನಗ ಬ್ಯಾಡ."

ಊರೆಲ್ಲ ಕೈ ಮುಗಿದು ನಿಂತಾಗ, ಆ ಕೈಗಳನ್ನು ಬೇಡ ಎನ್ನುವವರು ಎಷ್ಟು ಜನ ಇದ್ದಾರೆ? ನಾನಾಗಿದ್ದರೆ ಮಿಂಚಿನ ಜೊತೆ ಎರಡು ಗುಡುಗು ಕೇಳಿ ಪಡೆಯುತ್ತಿದ್ದೆ! ಅಂದು ನನಗೆ ಅತ್ತೆಯ ಮೇಲೆ ಬಂದ ಗೌರವ, ಅವರ ಹರಿಗೋಲಿನ ಕಥೆ ಕೇಳಿದಾಗಲೂ ಬಂದಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಮಲ್ಲಮ್ಮ ಒಂದೇ ಮಾತು ಹೇಳಿದಳು: "ಯವ್ವ ಅಂದದ್ದು ಮಾಡಾಕಿ."

ಹೆರಿಗೆಗೆ ಇನ್ನೂ ಕಾಲವಿತ್ತು. ನಾನು ಯುದ್ಧೋಪಾದಿಯಲ್ಲಿ ಕಾರ್ಯಪ್ರವೃತ್ತನಾದೆ. ಖಾಜಾನ ಕ್ಯಾಮೆರಾ, ಟಿ.ವಿ. ಎರಡನ್ನೂ ಒಂದು ದಿನದ ಮಟ್ಟಿಗೆ ತಂದಿಟ್ಟುಕೊಂಡೆ. ಮೊದಲ ಪ್ರಯೋಗ: ಪ್ರೊಜೆಕ್ಟರಿನ ವೇಗ ತಗ್ಗಿಸಬೇಕು. ಗುಂಡಿ ಕೆಟ್ಟಿದ್ದರೆ ಏನಾಯಿತು, ಬೆರಳಿಲ್ಲವೆ? ತಿರುಗುವ ಚಕ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದೆ. ಚಕ್ರ ನಿಧಾನವಾಯಿತು. ಟಿ.ವಿ.ಯಲ್ಲಿ ನಡುಕವೂ ಸ್ವಲ್ಪ ತಗ್ಗಿತು. ಸಂತೋಷದಿಂದ ಇನ್ನಷ್ಟು ಒತ್ತಿದೆ. ಚಕ್ರ ನಿಂತೇಬಿಟ್ಟಿತು!

ರೀಲು ನಿಂತರೂ ಬಲ್ಬು ನಿಲ್ಲುವುದಿಲ್ಲ. ಅದರ ಕಾವೆಲ್ಲ ಒಂದೇ ಚಿತ್ರದ ಮೇಲೆ ಬಿತ್ತು. ಧೋತರದ ಮೇಲೆ ಒಂದು ಕುರಿಯ ಬೆನ್ನಿನಲ್ಲಿ ಕಂದು ಬಣ್ಣದ ಗುಳ್ಳೆ ಎದ್ದಿತು, ಅಗಲವಾಯಿತು, ಕುರಿಯನ್ನು ನುಂಗಿತು. ಮನೆಯಲ್ಲಿ ಸುಟ್ಟ ವಾಸನೆ.

"ಬೆಂಕಿ ಹತ್ತ್ಯಾದ್ರೀ!" ಎಂದು ಮಲ್ಲಮ್ಮ ವೈರು ಕಿತ್ತಳು. ಅಮ್ಮ, ಮಗಳು ಇಬ್ಬರಿಗೂ ವೈರು ಕೀಳುವುದು ಚೆನ್ನಾಗಿ ಬರುತ್ತದೆ.

ತುಂಬಿದ ಹೊಳೆಯಲ್ಲಿ ಬದುಕಿ ಬಂದ ಕುರಿ ನನ್ನ ಪಡಸಾಲೆಯಲ್ಲಿ ಸತ್ತಿತ್ತು! ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಮಲ್ಲಮ್ಮ ಬೈಯಲಿಲ್ಲ. ಅವಳು ಬೈಯದಿದ್ದರೆ ವಿಷಯ ಗಂಭೀರ ಎಂದು ಅರ್ಥ. ಕತ್ತರಿ ತಂದು ಸುಟ್ಟ ಚಿತ್ರಗಳನ್ನಷ್ಟೇ ಕತ್ತರಿಸಿ, ಎರಡೂ ತುದಿಗಳ ತೂತುಗಳನ್ನು ಸರಿಯಾಗಿ ಕೂಡಿಸಿ, ಅಂಟುಪಟ್ಟಿ ಹಚ್ಚಿ, ಸೂಜಿಯಿಂದ ಮತ್ತೆ ತೂತು ತೆರೆದಳು. ಅವಳು ರವಿಕೆ ಹೊಲಿಯುವಾಗಲೂ ಇಷ್ಟು ಉಸಿರು ಬಿಗಿಹಿಡಿದು ಹೊಲಿದದ್ದನ್ನು ನಾನು ಕಂಡಿರಲಿಲ್ಲ. ಕೈಯ ಅಳತೆ ಅವಳಿಗೆ ತಾಯಿಯಿಂದಲೇ ಬಂದದ್ದು.

"ಇನ್ನ ಮ್ಯಾಲ ಬಟ್ಟು ಹಚ್ಚಬ್ಯಾಡ್ರಿ," ಅಂದಳು. "ಯವ್ವನ ಕುರಿ ಇನ್ನೂ ಭಾಳ ಉಳದಾವ."

ಎರಡನೆಯ ಪ್ರಯೋಗಕ್ಕೆ ಮೊದಲು ನಾನು ಆಳವಾಗಿ ಚಿಂತಿಸಿದೆ. ನಮ್ಮೂರಿನ ಕರೆಂಟು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಚಿತ್ರ ನಡುಗುವುದಕ್ಕೆ ಅದೇ ಕಾರಣ! ಇಷ್ಟು ಸರಳ ಸತ್ಯ ನನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಮರುಕವಾಯಿತು. ಮಾನವಿಗೆ ಹೋಗಿ, ಪರಿಚಯದ ಅಂಗಡಿಯಿಂದ ಕರೆಂಟನ್ನು ಒಂದೇ ಸಮ ಇಡುವ, ಕಬ್ಬಿಣದ ಟ್ರಂಕಿನಷ್ಟು ದೊಡ್ಡ ಸ್ಟೆಬಿಲೈಜರ್ ಒಂದನ್ನು ಕೇಳಿ ಪಡೆದು, ಬಸ್ಸಿನ ಮೇಲೆ ಹೇರಿಕೊಂಡು ಬಂದೆ. ಇಳಿಸುವಾಗ ಕಂಡಕ್ಟರು ಕೇಳಿದ: "ಒಳಗ ಹೆಣ ಏನರ ಅದ ಏನ್ರೀ ಮಾಸ್ತರ?"

ಖಾಜಾನನ್ನು ಮತ್ತೆ ಕರೆಸಿದೆ. ಪ್ರೊಜೆಕ್ಟರು, ಟಿ.ವಿ. ಎರಡನ್ನೂ ಸ್ಟೆಬಿಲೈಜರಿಗೆ ಸಿಕ್ಕಿಸಿದೆ. ಅದು 'ಹೂಂ' ಅಂದಿತು. ಫಲಿತಾಂಶ ಅದ್ಭುತ! ಮೊದಲು ಅಡ್ಡಾದಿಡ್ಡಿಯಾಗಿ ಬರುತ್ತಿದ್ದ ನಡುಕ ಈಗ ಒಂದೇ ಸಮ, ಒಂದೇ ಲಯದಲ್ಲಿ ಬರತೊಡಗಿತು. ಮಿಂಚಿಗೂ ಶಿಸ್ತು ಕಲಿಸಿದ ಮೊದಲ ಮಾಸ್ತರ ನಾನೇ ಇರಬೇಕು.

ಖಾಜಾ ಚಹಾ ಕುಡಿಯುತ್ತ ಅಂದ: "ಸಾಬ್, ಬ್ಯಾನಿ ಹೋಗ್ಲಿಲ್ಲ. ಪಕ್ಕಾ ಆತು."

ಹೀಗೆಯೇ ಕತ್ತಲಾಗತೊಡಗಿತು. ಸ್ಟೆಬಿಲೈಜರ್ ಕಾದು ವಾಸನೆ ಬಂದದ್ದರಿಂದ ಮಲ್ಲಮ್ಮ, "ಪ್ರೊಜೆಕ್ಟರನ್ನಾದ್ರೂ ಅದರಿಂದ ಬಿಚ್ರಿ, ಇನ್ನೊಂದು ಕುರಿ ಸುಡೂದು ಬ್ಯಾಡ," ಅಂದಳು. ಸೋತ ಮನಸ್ಸಿನಿಂದ ಪ್ರೊಜೆಕ್ಟರಿನ ವೈರನ್ನು ನೇರ ಗೋಡೆಗೆ ಸಿಕ್ಕಿಸಿ, ಕಡೆಯ ಸಲ ಎಂದು ಓಡಿಸಿದೆ. ಅದೇ ಹೊತ್ತಿಗೆ ಓಣಿಯ ತುದಿಯ ರೈಸ್ ಮಿಲ್ಲು ಶುರುವಾಯಿತು. ಅದು ಶುರುವಾದರೆ ನಮ್ಮ ಓಣಿಯ ದೀಪಗಳೆಲ್ಲ ಕೆಂಪಗಾಗುತ್ತಿದ್ದವು. ಪ್ರೊಜೆಕ್ಟರಿನ ಸದ್ದು ಭಾರವಾಯಿತು. ಚಕ್ರ ನಿಧಾನವಾಯಿತು.

ಟಿ.ವಿ.ಯಲ್ಲಿ ಪಳಪಳ ಬಡಿದುಕೊಳ್ಳುತ್ತಿದ್ದ ಬೆಳಕು ಅಲೆಯ ಹಾಗೆ ಉದ್ದವಾಯಿತು, ಇನ್ನೂ ಉದ್ದವಾಯಿತು, ಆಮೇಲೆ ನಿಂತೇಹೋಯಿತು.

ಮೂವರೂ ಟಿ.ವಿ.ಯತ್ತ ಬಾಗಿದೆವು. ಟಿ.ವಿ.ಯೊಳಗೆ ಹೊಳೆ ಹರಿಯುತ್ತಿತ್ತು. ಬಿಸಿಲಿತ್ತು. ಹರಿಗೋಲಿನಲ್ಲಿ ಕುರಿಗಳ ನಡುವೆ ಒಬ್ಬ ಹೆಂಗಸು, ಹಲ್ಲು ಕಚ್ಚಿ, ನೀರಿನ ಮೇಲೆ ಕಣ್ಣಿಟ್ಟು, ಒಂದೊಂದೇ ಹುಟ್ಟು ಹಾಕುತ್ತಿದ್ದಳು. ಮುಖ ಕಾಣುತ್ತಿತ್ತು. ಆಗ ಅತ್ತೆಯ ವಯಸ್ಸು ಹೆಚ್ಚೂಕಡಿಮೆ ಈಗಿನ ಮಲ್ಲಮ್ಮನ ವಯಸ್ಸೇ.

"ಯವ್ವಾ," ಅಂದಳು ಮಲ್ಲಮ್ಮ. ನನಗೂ ಕಣ್ಣು ಮಂಜಾಯಿತು, ಅದಕ್ಕೆ ಯಾವ ವೋಲ್ಟೇಜೂ ಕಾರಣವಲ್ಲ.

ಮಿಲ್ಲು ನಿಂತಿತು. ಮಿಂಚು ಮರಳಿ ಬಂತು!

ಆಗ ನನಗೆ ಬುದ್ಧಿ ಬಂತು. ಕರೆಂಟು ಇಳಿದರೆ ಪ್ರೊಜೆಕ್ಟರು ಮೆಲ್ಲಗೆ ಓಡುತ್ತದೆ. ಸರಿಯಾಗಿ ಎಷ್ಟು ಬೇಕೋ ಅಷ್ಟು ಇಳಿದರೆ ಅದರ ರೆಕ್ಕೆಯ ತಾಳವೂ ಕ್ಯಾಮೆರಾದ ತಾಳವೂ ಕೂಡುತ್ತವೆ. ನಾನು ಬಸ್ಸಿನ ಮೇಲೆ ಹೇರಿಕೊಂಡು ಬಂದ ಆ ಟ್ರಂಕು ಇಷ್ಟು ಹೊತ್ತು ಮಾಡುತ್ತಿದ್ದ ಕೆಲಸವೆಂದರೆ, ಅವು ಕೂಡದ ಹಾಗೆ ಕಾವಲು ಕಾಯುವುದು! ಊರೆಲ್ಲ ಬೈಯುವ ಕೆಟ್ಟ ಕರೆಂಟೇ ನಮಗೆ ಬೇಕಾಗಿತ್ತು.

ಖಾಜಾನನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡು, ಮರುದಿನ ಸಂಜೆ ಮಿಲ್ಲಿಗೆ ಹೋದೆ. ಮಾಲೀಕ ಬಸಣ್ಣ ಹೊಟ್ಟಿನ ಧೂಳಿನಲ್ಲಿ ಕೂತಿದ್ದ.

"ಬಸಣ್ಣಾ, ಇವತ್ತು ನೀವು ಮಿಲ್ಲು ನಿಲ್ಲಿಸದಂಗ ನಡಸ್ಬೇಕು."

"ನೆಲ್ಲು ಎಲ್ಲದ್ರೀ ಮಾಸ್ತರ? ಇದ್ದದ್ದೆಲ್ಲಾ ನಿನ್ನಿ ಮುಗೀತು. ಬರೇ ಮಷಿನ್ ತಿರುಗಿಸಿದ್ರ ಏನ್ ಬರ್ತದ?"

"ಸಿನಿಮಾ ಬರ್ತದ."

ಬಸಣ್ಣ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, "ಅಕ್ಕಾರು ಮನ್ಯಾಗದಾರೇನ್ರಿ? ಅವರನ್ನ ಕರಕೊಂಡು ಬರ್ರಿ," ಅಂದ.

ಮಲ್ಲಮ್ಮ ಬಂದು ವಿಷಯ ಬಿಡಿಸಿ ಹೇಳಿದಳು. ಅಷ್ಟೇ ಅಲ್ಲ, ಓಣಿಯ ಮನೆಮನೆಗೂ ಹೋದಳು. ತನ್ನ ತಾಯಿ ಹೊಳೆ ದಾಟಿದ ಕಥೆಯನ್ನು ಹೊಸ್ತಿಲಲ್ಲಿ ನಿಂತು ಹೇಳಿದಳು. ನಾನು ಹೇಳಿದ್ದರೆ ಚಹಾ ಕೊಟ್ಟು ಕಳಿಸುತ್ತಿದ್ದರು. ಅವಳು ಹೇಳಿದ್ದಕ್ಕೆ ಹೆಂಗಸರು ಅಟ್ಟದ ಮೇಲಿನ ಭತ್ತದ ಚೀಲಗಳನ್ನು ಇಳಿಸಿಕೊಂಡು ಬಂದರು. ಮುಂದಿನ ಹಬ್ಬಕ್ಕೆಂದು ಇಟ್ಟದ್ದು, ಬೀಜಕ್ಕೆ ಬೇಡವೆಂದು ಬಿಟ್ಟದ್ದು, ಎಲ್ಲ ಬಂತು. ನಮ್ಮೂರಿನ ಹೆಣ್ಣುಮಕ್ಕಳ ಮನಸ್ಸು ದೊಡ್ಡದು. ಕಂಡಿರದ ಒಬ್ಬ ಹೆಂಗಸಿನ ಮಾತು ಉಳಿಯಲಿ ಎಂದು ತಮ್ಮ ಭತ್ತ ತಂದು ಸುರಿದರಲ್ಲ!

ಹೊಸ ತೊಂದರೆ ಎದುರಾಯಿತು. ಮಿಲ್ಲಿನಲ್ಲಿ ಭತ್ತ ಹೆಚ್ಚು ಬಿದ್ದರೆ ಕರೆಂಟು ಹೆಚ್ಚು ಇಳಿಯುತ್ತದೆ, ನಡುಕ ಬೇರೆ ಬಗೆಯಲ್ಲಿ ಬರುತ್ತದೆ. ಕಡಿಮೆ ಬಿದ್ದರೆ ಹಳೆಯ ಮಿಂಚು. ಹದವಾಗಿ ಸುರಿಯಬೇಕು. ಅದಕ್ಕೆ ಒಂದು ವ್ಯವಸ್ಥೆ ಮಾಡಿದೆ. ನಾನು ಒಳಗೆ ಟಿ.ವಿ. ನೋಡಿ ಕೂಗಬೇಕು. ಮಲ್ಲಮ್ಮ ಮಾಳಿಗೆಯ ಮೇಲಿನಿಂದ ಟವೆಲ್ ಬೀಸಬೇಕು. ಬಸಣ್ಣ ಮಿಲ್ಲಿನ ಬಾಗಿಲಲ್ಲಿ ನಿಂತು ಟವೆಲ್ ನೋಡಿ ಭತ್ತ ಸುರಿಸಬೇಕು. ಯಾವ ಯುದ್ಧದಲ್ಲೂ ಇಂಥ ಸಂಪರ್ಕ ವ್ಯವಸ್ಥೆ ಇದ್ದಿರಲಿಕ್ಕಿಲ್ಲ.

"ಸುರೀರಿ!" ಎಂದು ಕೂಗಿದೆ. ಟವೆಲ್ ಹಾರಿತು. ದೀಪ ಕೆಂಪಾಯಿತು. ಅಲೆ ಉದ್ದವಾಯಿತು.

"ಇನ್ನೊಂದು ಚೀಲ ಹಾಕ್ರಿ!" ಟವೆಲ್. ಅಲೆ ನಿಂತಿತು.

"ಸಾಕ್ರೀ, ಸಾಕು! ಹಂಗೇ ಇರ್ಲಿ!" ಮಲ್ಲಮ್ಮ ಟವೆಲನ್ನು ತಲೆಯ ಮೇಲೆ ಚಾಚಿ ಕಲ್ಲಿನ ಹಾಗೆ ನಿಂತಳಂತೆ. ದಾರಿಹೋಕರು ಹರಕೆ ಇರಬೇಕೆಂದು ಕೈ ಮುಗಿದು ಹೋದರಂತೆ.

ರೀಲು ಮೊದಲಿನಿಂದ ಕೊನೆಯವರೆಗೆ ನಡುಗದೆ ಓಡಿತು. ಖಾಜಾ ಕ್ಯಾಮೆರಾದಿಂದ ಕಣ್ಣು ತೆಗೆದು, "ಕ್ಯಾ ಬಾತ್ ಹೈ ಸಾಬ್! ಮಿಂಚು ಅಕ್ಕಿ ಆಗಿ ಹೋತು!" ಅಂದ. ಓಣಿಯ ಮನೆಗಳಿಗೆಲ್ಲ ಹೊಸ ಅಕ್ಕಿಯೂ ಹೋಯಿತು.

ಶಾಂತಮ್ಮನಿಗೆ ಹೆಣ್ಣು ಹುಟ್ಟಿತು. ತೊಟ್ಟಿಲ ದಿನ ಮತ್ತೆ ಅದೇ ಅಂಗಳ, ಅದೇ ಜನ. ಹೆಸರಿಟ್ಟು, ಗುಗ್ಗರಿ ಹಂಚಿ ಆದ ಮೇಲೆ ಟಿ.ವಿ. ಮುಂದೆ ಕೂತರು. ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಕ್ಯಾಸೆಟ್ಟನ್ನು ಧೋತರಕ್ಕೆ ಎರಡು ಸಲ ಒರೆಸಿ ಹಾಕಿದೆ. 'ಇದೂ ನಾನಲ್ಲ' ಅಂದರೆ ಡಬ್ಬಿ ಹೊಳೆಗೆ ಹೋಗುತ್ತದೆ. ಹಿಂದೆಯೇ ನಾನೂ ಹೋಗುವುದು ಒಳ್ಳೆಯದು.

ಹೊಳೆ ಕಂಡಿತು. ಮಿಂಚಿಲ್ಲ.

"ಏ, ಇದೇನಿದು, ಸಪ್ಪಗದ," ಅಂದ ಒಬ್ಬ. "ಅವತ್ತಿಂದ ಹಾಕ್ರಿ, ದೇವಿ ಬಂದದ್ದು!"

ಹರಿಗೋಲು ಮೆಲ್ಲಗೆ ಬರುತ್ತಿತ್ತು. ಅಷ್ಟರಲ್ಲಿ ಆ ಮೂಕ ಹೊಳೆಯೊಳಗಿಂದ ಒಂದು ದೊಡ್ಡ ಧ್ವನಿ ಎದ್ದಿತು: "ಇನ್ನೊಂದು ಚೀಲ ಹಾಕ್ರಿ!"

ಕ್ಯಾಮೆರಾ ಚಿತ್ರದ ಜೊತೆ ಶಬ್ದವನ್ನೂ ಹಿಡಿಯುತ್ತದೆ ಎಂಬುದು ಈ ವಿಜ್ಞಾನದ ಮಾಸ್ತರನಿಗೆ ಹೊಳೆದೇ ಇರಲಿಲ್ಲ!

"ಹೊಳ್ಯಾಗ ಯಾರೋ ನೆಲ್ಲು ಕೇಳಾಕತ್ತಾರಲ್ಲೋ," ಎಂದು ಜನ ಬಿದ್ದು ಬಿದ್ದು ನಕ್ಕರು. ನಾನು ಓಡಿಹೋಗಿ ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿದೆ. ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದಾಗ, ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಕುರುಬನೊಬ್ಬ ಎದ್ದು ನಿಂತಿದ್ದ.

"ಆ ದಿಮ್ಮಿ ನೋಡ್ರಿ," ಅಂದ.

ಬೇರು ಸಮೇತ ಒಂದು ಮರ ನೀರಿನಲ್ಲಿ ಉರುಳುತ್ತ ಬರುತ್ತಿತ್ತು. ಮೊದಲ ಕ್ಯಾಸೆಟ್ಟಿನಲ್ಲಿ ಅದು ಮಿಂಚಿನ ನಡುವೆ ಒಂದು ಕಪ್ಪು ಕಲೆಯಾಗಿತ್ತು ಅಷ್ಟೇ. ಈಗ ಅದು ಬರುವ ವೇಗ ಕಂಡಿತು. ಆ ವೇಗವೇ ನೀರಿನ ವೇಗ. ಅತ್ತೆ ಹುಟ್ಟು ಎತ್ತಿಬಿಟ್ಟರು. ಸುಮ್ಮನೆ ನಿಂತರು. ಒಂದು ಕೈ ಕುರಿಯ ಕುತ್ತಿಗೆಯ ಮೇಲಿತ್ತು. ಮರ ಕೈಗೆ ಸಿಗುವಷ್ಟು ಹತ್ತಿರದಿಂದ ಹಾದುಹೋಯಿತು. ಅದು ಹೋದ ಮೇಲೆ ಹುಟ್ಟು ಮತ್ತೆ ನೀರಿಗೆ ಇಳಿಯಿತು, ಏನೂ ಆಗದ ಹಾಗೆ.

ಅಂಗಳದಲ್ಲಿ ಯಾರೂ ಕೈ ಮುಗಿಯಲಿಲ್ಲ, ಯಾರೂ ಕೂಗಲಿಲ್ಲ. ಹೊಳೆ ಬಲ್ಲ ಜನ ಅವರು. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು.

ಆಮೇಲೆ ಚಿತ್ರದಲ್ಲಿ ಈಚೆ ದಂಡೆ ಬಂತು. ದಂಡೆಯ ಬೇವಿನ ಮರದ ಬುಡ ನೀರಿನಲ್ಲಿ ಮುಳುಗಿತ್ತು. ಮೇಲಿನ ಕೊಂಬೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಒಬ್ಬ ಮನುಷ್ಯ ಕೂತಿದ್ದ. ತಲೆಗೆ ಕೆಂಪು ರುಮಾಲು.

"ಅಮರಪ್ಪ ಕಾಕಾ," ಒಂದು ಹುಡುಗಿ ಕೇಳಿತು, "ಮೊಣಕಾಲ ನೀರಿಗೆ ಗಿಡ ಯಾಕ ಹತ್ತಿದ್ದಿ?"

ಈ ಸಲದ ನಗುವಿಗೆ ತೊಡೆಯ ಮೇಲಿನ ಕೂಸು ಎದ್ದು ಅತ್ತಿತು. ಅಮರಪ್ಪ ತಲೆ ತಗ್ಗಿಸಿದ. ನಾನು ಕಾದಿದ್ದ ಗಳಿಗೆ ಬಂದಿತ್ತು. ಅತ್ತೆ ಈಗ ಅವನಿಗೆ ಸರಿಯಾಗಿ ಮಾಡುತ್ತಾರೆ ಎಂದು ಕುತೂಹಲದಿಂದ ತಿರುಗಿದೆ.

"ನಗಬ್ಯಾಡ್ರೋ," ಅಂದರು ಅತ್ತೆ. "ಅಂವ ಗಿಡದ ಮ್ಯಾಲಿಂದ 'ಯಕ್ಕಾ, ದಿಮ್ಮಿ ಬಂತು' ಅಂತ ಕೂಗಿದ್ದಕ್ಕ ನಾ ಹುಟ್ಟು ಎತ್ತಿದ್ದು. ಇಲ್ಲಂದ್ರ ನನಗೆಲ್ಲಿ ಕಾಣ್ತಿತ್ತು? ಅದೂ ಖರೇನ."

ಅಮರಪ್ಪ ಎದ್ದು ಬಂದು ಅತ್ತಿಗೆಯ ಕಾಲು ಮುಟ್ಟಿದ. "ನೀರು ಭಾಳ ಇತ್ತು ಯಕ್ಕಾ," ಅಂದ. ಅಷ್ಟು ವರ್ಷಗಳ ನಂತರ ಕೃಷ್ಣೆ ಮತ್ತೆ ತುಂಬಿ ಹರಿಯಿತು.

ಗೆದ್ದ ಮೇಲೆಯೂ ಎದುರಾಳಿಯ ಪಾಲನ್ನು ಅವನಿಗೆ ತೂಗಿ ಕೊಡುವವರನ್ನು ನಾನು ನೋಡಿದ್ದು ಅಂದೇ. ಪ್ರಾಮಾಣಿಕತೆ ಕುರಿತು ಶಾಲೆಯಲ್ಲಿ ನಾನು ಮಾಡಿದ ಭಾಷಣಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ಜನ ಕರಗಿದ ಮೇಲೆ, ನನಗೂ ಒಂದು ಮಾತು ಸಿಗಬಹುದೆಂಬ ಆಸೆಯಿಂದ ಅತ್ತೆಯ ಹತ್ತಿರ ಹೋಗಿ ಕೂತೆ.

"ಹ್ಯಾಂಗಿತ್ತು ಅತ್ತಿ?"

"ಬಿಸಲು ಒಂಚೂರು ಕಡಿಮಿ ಆಗ್ಯಾದ. ಇರ್ಲಿ. ಅದು ನಾನ."

"ಆ ಮಿಂಚು ತಗ್ಯಾಕ ಎಷ್ಟು ತ್ರಾಸ ಆತು ಗೊತ್ತೇನ್ರಿ?" ಎಂದು ನಾನು ಶುರುಮಾಡಿದೆ. ತಗಡಿನ ರೆಕ್ಕೆ, ಸ್ಟೆಬಿಲೈಜರ್, ಮಿಲ್ಲು, ಟವೆಲ್, ಎಲ್ಲ ಹೇಳಿದೆ. ಸುಟ್ಟ ಕುರಿಯೊಂದನ್ನು ಮಾತ್ರ ಬಿಟ್ಟೆ. ಅತ್ತೆ ಕೂಸಿನ ಬೆನ್ನು ತಟ್ಟುತ್ತ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ನಾನು ಮುಗಿಸಿ, ಹೊಗಳಿಕೆಗೆ ಮುಖ ಸಿದ್ಧಮಾಡಿಕೊಂಡೆ.

"ಅಲ್ರೀ ಅಳಿಯಂದ್ರೇ," ಅಂದರು, "ಹೊಳ್ಯಾಗ ಮಿಂಚು ಇದ್ದಿದ್ದಿಲ್ಲ. ನೀವ ತಂದ್ರಿ, ನೀವ ತಗದ್ರಿ. ಇದರಾಗ ಹೊಗಳೂದು ಏನದ?"

ಮಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ನಾನು ಗಂಭೀರವಾಗಿ ಎದ್ದು ಟಿ.ವಿ.ಯ ವೈರು ಸುತ್ತತೊಡಗಿದೆ. ಅದೂ ಗಂಟು ಬಿತ್ತು!